ಗಾಳಿ ಕೊಳವೆಯ ಲೆಕ್ಕಾಚಾರ: ಫ್ಯಾನ್ ಖರೀದಿಗೆ ಮೊದಲು

ಚನ್ನಗಿರಿ ಭಾಗದಲ್ಲಿ ಅಡಿಕೆ ಬೇಯಿಸುವ ಶೆಡ್‌ಗಳಿಗೆ ಹಬೆ ಹೇಗೋ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಮೆಕ್ಕೆಜೋಳದ ಗೋದಾಮುಗಳಿಗೆ ಧೂಳು ಹಾಗೆ. ಇವೆರಡನ್ನೂ ಹೊರಹಾಕಲು ಉದ್ಯಮಿಗಳು ಎಕ್ಸಾಸ್ಟ್ ಫ್ಯಾನ್, ಬ್ಲೋವರ್ ಹಾಗೂ ತಗಡಿನ ಡಕ್ಟ್‌ಗಳನ್ನು ಅಳವಡಿಸುವುದುಂಟು. ಫ್ಯಾನ್ ತಿರುಗುತ್ತಿದ್ದರೂ ಹಬೆ ಒಳಗೇ ಉಳಿದರೆ, ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಫ್ಯಾನಿನಲ್ಲಲ್ಲ, ಡಕ್ಟಿನ ಅಳತೆಯಲ್ಲಿ.

ಲೆಕ್ಕದ ಮೂಲಸೂತ್ರ ಸರಳವಾದುದು. ಡಕ್ಟಿನ ಬಾಯಿಯ ವಿಸ್ತೀರ್ಣವನ್ನು ಗಾಳಿಯ ವೇಗದಿಂದ ಗುಣಿಸಿದರೆ, ಪ್ರತಿ ಸೆಕೆಂಡಿಗೆ ಹರಿಯುವ ಗಾಳಿಯ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ, 10 ಮೀ. ಉದ್ದ, 8 ಮೀ. ಅಗಲ, 4 ಮೀ. ಎತ್ತರದ ಶೆಡ್ಡಿನ ಗಾತ್ರ 320 ಘನ ಮೀಟರ್. ಅದರ ಗಾಳಿಯನ್ನು ಗಂಟೆಗೆ 8 ಬಾರಿ ಬದಲಿಸಬೇಕೆಂದರೆ 2,560 ಘನ ಮೀಟರ್ ಗಾಳಿ ಹೊರಹೋಗಬೇಕು. ಅಂದರೆ ಸೆಕೆಂಡಿಗೆ 0.71 ಘನ ಮೀಟರ್, ಸುಮಾರು 1,500 ಸಿ.ಎಫ್.ಎಂ. 30 ಸೆಂ.ಮೀ. ವ್ಯಾಸದ ಡಕ್ಟಿನ ವಿಸ್ತೀರ್ಣ 0.0707 ಚದರ ಮೀಟರ್. ಅದರಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹರಿದರೆ ಈ ಅಗತ್ಯ ಪೂರೈಸುತ್ತದೆ.

ತಗಡಿನ ಖರ್ಚು ಉಳಿಸಲೆಂದು 20 ಸೆಂ.ಮೀ. ವ್ಯಾಸದ ಡಕ್ಟ್ ಹಾಕಿದರೆ ಅಷ್ಟೇ ಗಾಳಿಗೆ 22.5 ಮೀಟರ್ ವೇಗ ಬೇಕಾಗುತ್ತದೆ. ಅಡೆತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕಿರಿದಾದ ಕೊಳವೆಯಲ್ಲಿ ಘರ್ಷಣೆಯೂ ಅಧಿಕ. 15 ಮೀಟರ್ ಉದ್ದ ಹಾಗೂ ಎರಡು ತಿರುವುಗಳ ಡಕ್ಟಿನಲ್ಲಿ, ಪ್ರವೇಶ ಮತ್ತು ನಿರ್ಗಮನದ ನಷ್ಟವನ್ನೂ ಸೇರಿಸಿದರೆ, 30 ಸೆಂ.ಮೀ. ವ್ಯಾಸಕ್ಕೆ ಸುಮಾರು 19 ಮಿ.ಮೀ. ನೀರಿನ ಒತ್ತಡ ಸಾಕು. 20 ಸೆಂ.ಮೀ. ವ್ಯಾಸಕ್ಕೆ ಸುಮಾರು 111 ಮಿ.ಮೀ. ಬೇಕು. ಫ್ಯಾನ್ ಹಾಗೂ ಮೋಟಾರಿನ ಒಟ್ಟು ದಕ್ಷತೆ ಶೇ. 50 ಎಂದಿಟ್ಟುಕೊಂಡರೆ ವಿದ್ಯುತ್ ಬಳಕೆ ಸುಮಾರು 260 ವ್ಯಾಟ್‌ನಿಂದ 1,550 ವ್ಯಾಟ್‌ಗೆ ಏರುತ್ತದೆ. ದಿನಕ್ಕೆ 8 ಗಂಟೆಯಂತೆ 25 ದಿನ ನಡೆಸಿದರೆ ಹೆಚ್ಚುವರಿ ಬಳಕೆ 250 ಯೂನಿಟ್‌ಗೂ ಅಧಿಕ. ಒಮ್ಮೆ ಉಳಿಸಿದ ತಗಡಿನ ಹಣ ವಿದ್ಯುತ್ ಬಿಲ್ಲಿನಲ್ಲಿ ತಿಂಗಳು ತಿಂಗಳೂ ಕರಗುತ್ತದೆ.

ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಇಷ್ಟು ಒತ್ತಡವನ್ನು ನೀಡಲಾರದು. ಅದರ ಮೇಲೆ ನಮೂದಿಸುವ ಸಿ.ಎಫ್.ಎಂ. ಸಾಮಾನ್ಯವಾಗಿ ಯಾವುದೇ ಅಡೆತಡೆಯಿಲ್ಲದ ಸ್ಥಿತಿಯದ್ದು. ಆದ್ದರಿಂದ ಖರೀದಿಸುವಾಗ, ತಮ್ಮ ಡಕ್ಟಿಗೆ ಬೇಕಾದ ಒತ್ತಡದಲ್ಲಿ ಎಷ್ಟು ಗಾಳಿ ದೊರೆಯುವುದೆಂದು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯುವುದು ಒಳಿತು.

ಧೂಳಿನ ಲೆಕ್ಕ ಬೇರೆ. ಮೆಕ್ಕೆಜೋಳದ ಧೂಳನ್ನು ಸಾಗಿಸುವ ಡಕ್ಟಿನಲ್ಲಿ ಸೆಕೆಂಡಿಗೆ 18ರಿಂದ 20 ಮೀಟರ್ ವೇಗವಿರಬೇಕು. ಇಲ್ಲವಾದರೆ ಧೂಳು ತಳದಲ್ಲಿ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇಡೀ ಗೋದಾಮಿನ ಗಾಳಿಯನ್ನು ಎಳೆಯುವ ಬದಲು, ಧೂಳು ಏಳುವ ಜಾಗದಲ್ಲೇ ಮುಚ್ಚಿಗೆ ಅಳವಡಿಸಿ ಹೀರುವುದು ಲಾಭಕರ. 15 ಸೆಂ.ಮೀ. ಡಕ್ಟಿನಲ್ಲಿ 20 ಮೀಟರ್ ವೇಗಕ್ಕೆ ಗಂಟೆಗೆ ಸುಮಾರು 1,270 ಘನ ಮೀಟರ್ ಗಾಳಿ ಸಾಕು. ಧಾನ್ಯದ ಧೂಳು ಮುಚ್ಚಿದ ಸ್ಥಳದಲ್ಲಿ ದಟ್ಟವಾಗಿ ಹರಡಿದರೆ ಒಂದು ಕಿಡಿಯಿಂದ ಸ್ಫೋಟಿಸಬಲ್ಲದು ಎಂಬುದನ್ನೂ ಮರೆಯಲಾಗದು.

ಹೊರಹೋಗುವಷ್ಟು ಗಾಳಿ ಒಳಬರಲು ಕಿಟಕಿ ಅಥವಾ ಜಾಲರಿ ಅವಶ್ಯ. ಅಳವಡಿಕೆಯ ನಂತರ ಅನಿಮೋಮೀಟರ್‌ನಿಂದ ಡಕ್ಟಿನ ಬಾಯಿಯ ಹಲವು ಕಡೆ ವೇಗ ಅಳೆದು ಸರಾಸರಿ ತೆಗೆಯಬೇಕು. ಮಧ್ಯದಲ್ಲಿ ಮಾತ್ರ ಅಳೆದರೆ ಲೆಕ್ಕ ಹೆಚ್ಚು ತೋರುತ್ತದೆ. ಮೇಲಿನ ಶೆಡ್ಡಿನ 30 ಸೆಂ.ಮೀ. ಡಕ್ಟಿನಲ್ಲಿ ಸರಾಸರಿ 6 ಮೀಟರ್ ವೇಗವಷ್ಟೇ ಬಂದರೆ, ಗಾಳಿ ಗಂಟೆಗೆ 8 ಬಾರಿಯಲ್ಲ, 5 ಬಾರಿಯೂ ಬದಲಾಗದು.

ಗಾಳಿಯ ವ್ಯವಸ್ಥೆ ಮತ್ತು ಧೂಳಿನ ನಿವಾರಣೆ 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ಕಾರ್ಖಾನೆ ನಡೆಸುವವರ ಹೊಣೆ. ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ಘಟಕದಲ್ಲೂ ಧೂಳು ಸೇರುವುದು ಕಾರ್ಮಿಕರ ಶ್ವಾಸಕೋಶವನ್ನೇ. ಫ್ಯಾನಿಗೆ ಹಣ ತೆರುವ ಮುನ್ನ ಒಂದು ಹಾಳೆಯ ಮೇಲೆ ಈ ಲೆಕ್ಕ ಹಾಕಿದರೆ ಹಣವೂ ಆರೋಗ್ಯವೂ ಉಳಿಯುತ್ತವೆ.