ಹಗ್ಗ ಎಳೆದರೂ ಏಳದ ಎಂಜಿನ್

ಮಳೆ ಕಡಿಮೆಯಾಗುತ್ತಿದ್ದಂತೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳು ಮೂಲೆಯಿಂದ ಹೊರಬರುತ್ತವೆ. ಹಗ್ಗ ಎಳೆದೆಳೆದು ರಟ್ಟೆ ಸೋತರೂ ಕೆಲವು ಏಳುವುದಿಲ್ಲ. ಎದ್ದವೂ ಕೆಮ್ಮುತ್ತಾ, ತಡವರಿಸುತ್ತಾ ಓಡುತ್ತವೆ.

ಪೆಟ್ರೋಲ್, ಗಾಳಿ, ಕಿಡಿ. ಸಾಮಾನ್ಯವಾಗಿ ದೋಷ ಇರುವುದು ಈ ಮೂರರಲ್ಲೇ.

ಮೊದಲು ಅನುಮಾನಿಸಬೇಕಾದ್ದು ಹಳೆಯ ಪೆಟ್ರೋಲನ್ನು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ, ಕಾರ್ಬುರೇಟರ್‌ನ ಸಣ್ಣ ಜೆಟ್‌ಗಳನ್ನು ಮುಚ್ಚುತ್ತದೆ. ಚೋಕ್ ಹಾಕಿದಾಗಷ್ಟೇ ಓಡಿ, ತೆಗೆದೊಡನೆ ಎಂಜಿನ್ ನಿಂತರೆ ತೊಂದರೆ ಬಹುತೇಕ ಅಲ್ಲೇ.

ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಇನ್ನಷ್ಟು ಸುಳಿವು ಸಿಗುತ್ತದೆ. ಹಲವು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಕಪ್ಪು ಮಸಿ ಮೆತ್ತಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಟೂ-ಸ್ಟ್ರೋಕ್ ಎಂಜಿನ್‌ಗೆ ಬೆರೆಸಿದ ಆಯಿಲ್ ಜಾಸ್ತಿಯಾಗಿರಬಹುದು. 50:1 ಅನುಪಾತವೆಂದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಆಯಿಲ್; 25:1 ಎಂದರೆ 40 ಮಿ.ಲೀ. ಯಾವುದು ಬೇಕೆಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಳಗಿಡಿ.