ಮೊದಲ ಮೋಟಾರು ಗಾಡಿಯೂ ಒಬ್ಬ ಗೃಹಿಣಿಯೂ

ನಾವು ಗೆಳತಿಯರು ನಾಲ್ವರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ಮರ್ಸಿಡಿಸ್-ಬೆಂಜ್ ವಸ್ತುಸಂಗ್ರಹಾಲಯದಲ್ಲಿ ಒಂದು ದಿನವನ್ನು ಕಳೆದೆವು. 2006ರಲ್ಲಿ ತೆರೆದ ಈ ಮಂದಿರದಲ್ಲಿ ಸಂದರ್ಶಕರು ಮೊದಲು ತುದಿಯ ಅಂತಸ್ತಿಗೆ ಏರಿ, ಕಾಲಕ್ರಮದಂತೆ ಕೆಳಗಿಳಿದು ಬರುವರು. ಮೇಲೆ ಮೊದಲು ಕಾಣುವುದು ಒಂದು ಕುದುರೆಯ ಆಕೃತಿ. ಅನಂತರ, ಕುದುರೆಯಿಲ್ಲದೆ ಓಡಿದ ಕಾರ್ಲ್ ಬೆಂಜನ ಮೂರು ಚಕ್ರದ ಗಾಡಿ.

1886ರಲ್ಲಿ ಪೇಟೆಂಟು ಪಡೆದ ಈ ಗಾಡಿಯ ಹಿಂಭಾಗದಲ್ಲಿ ಒಂದೇ ಸಿಲಿಂಡರಿನ ಎಂಜಿನು ಇರುವುದು. ತೈಲದ ಆವಿಯು ಗಾಳಿಯೊಡನೆ ಬೆರೆತು, ವಿದ್ಯುತ್ತಿನ ಕಿಡಿಯಿಂದ ಹೊತ್ತಿ, ಪಿಸ್ಟನ್ನನ್ನು ತಳ್ಳುವುದು; ಆ ಬಲವನ್ನು ಸರಪಳಿಗಳು ಚಕ್ರಗಳಿಗೆ ಮುಟ್ಟಿಸುವುವು. ಗಾಡಿಯೇನೋ ಸಿದ್ಧವಾಯಿತು, ಆದರೆ ಜನರಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ.

ನಂಬಿಕೆ ಹುಟ್ಟಿಸಿದವಳು ಆತನ ಪತ್ನಿ ಬರ್ತಾ. ಮದುವೆಗೆ ಮುನ್ನವೇ ತನ್ನ ಸ್ತ್ರೀಧನವನ್ನು ಆತನ ಉದ್ಯಮಕ್ಕೆ ಕೊಟ್ಟಿದ್ದ ಆಕೆಯು, 1888ರ ಆಗಸ್ಟ್ ತಿಂಗಳಲ್ಲಿ ಪತಿಗೆ ತಿಳಿಸದೆ, ಇಬ್ಬರು ಪುತ್ರರೊಡನೆ ಇಂತಹುದೇ ಗಾಡಿಯಲ್ಲಿ ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ಅದು 60 ಮೈಲಿಗೂ ಮಿಗಿಲಾದ ಹಾದಿ. ತೈಲವನ್ನು ಔಷಧದ ಅಂಗಡಿಯಲ್ಲಿ ಕೊಂಡಳು. ಕಟ್ಟಿಕೊಂಡ ತೈಲದ ನಳಿಗೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಏರುಗಳಲ್ಲಿ ಮಕ್ಕಳು ಗಾಡಿಯನ್ನು ನೂಕಿದರು. ಈ ಅನುಭವದಿಂದಲೇ, ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಆಕೆ ಸೂಚಿಸಲು, ಬೆಂಜನು ಅದನ್ನು ಅಳವಡಿಸಿದನು.

ಪೇಟೆಂಟಿನ ಪತ್ರದಲ್ಲಿ ಬರ್ತಾಳ ಹೆಸರಿಲ್ಲ. ಆ ಗಾಡಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಯಂತ್ರವಿದ್ಯೆಯು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆನ್ನುವ ಹಿರಿಯರು ಇಂದಿಗೂ ಉಂಟು. ಮಗಳು ಆ ವಿದ್ಯೆಯನ್ನು ಬಯಸಿದಾಗ ಅವರು ಈ ಪ್ರಯಾಣವನ್ನು ಒಮ್ಮೆ ನೆನೆಯಲೆಂದು ನಮ್ಮ ಬಿನ್ನಹ.