ಅಜ್ಜ ಅಂಗಡಿ ಕಡೆ ಬರೋದು ನಿಲ್ಲಿಸಿದ್ರಾ? ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ

ದಿನಾ ಹಾಲು, ಪೇಪರ್‌ಗೆ ಬರುತ್ತಿದ್ದ ಹಿರಿಯರು ಹದಿನೈದು ದಿನದಿಂದ ಕಾಣುತ್ತಿಲ್ಲ ಅಂದ್ರೆ ಮೊದಲು ಗೊತ್ತಾಗೋದು ಅಂಗಡಿಯವರಿಗೆ. ಮನೆಯವರನ್ನ ಕೇಳಿದರೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ. ಆದರೆ ಅದು ಖಿನ್ನತೆಯೂ ಇರಬಹುದು.

ಇಳಿವಯಸ್ಸಿನ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ. ಮೈಕೈ ನೋವು, ಬೆಳಗಿನ ಜಾವವೇ ಎಚ್ಚರ, ಊಟ ಸೇರದಿರುವುದು, ಮರೆವು, ಇಷ್ಟದ ಕೆಲಸವೂ ಬೇಡವೆನಿಸುವುದು ಹೀಗೆಲ್ಲ ಕಾಣಿಸುತ್ತೆ. 2 ವಾರ ಮೀರಿದರೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಕೆಲವು ಮಾತ್ರೆಗಳಿಂದಲೂ ಇಂಥದ್ದೇ ಲಕ್ಷಣ ಬರುತ್ತವೆ. ಹಾಗಾಗಿ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕ್ಕೊಂಡೇ ಹೋಗಿ. ಕಣ್ಣಿಗೆ ಪೊರೆ ಬಂದು, ಕಿವಿ ಮಂದವಾಗಿ ಹೊರಗೆ ಕಾಲಿಡಲು ಹೆದರುವವರೂ ಇದ್ದಾರೆ.

‘ನೀವು ಸುಮ್ನೆ ಕೂತ್ಕೊಳ್ಳಿ’ ಅಂತ ಮಕ್ಕಳು ಪ್ರೀತಿಯಿಂದಲೇ ಹೇಳ್ತಾರೆ. ಸಂತೆ, ಬ್ಯಾಂಕು, ಪಿಂಚಣಿ ದುಡ್ಡಿನ ಲೆಕ್ಕ ಎಲ್ಲ ಕೈತಪ್ಪಿದರೆ ಮನಸ್ಸು ಕುಗ್ಗುತ್ತೆ, ನಡೆಯದೆ ಕಾಲಿನ ಬಲವೂ ಇಳಿಯುತ್ತೆ. ಬೀಳ್ತಾರೆಂಬ ಭಯವಿದ್ದರೆ ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇಡಿ, ಕೆಲಸ ಕಸಿಯಬೇಡಿ. ಅಂಗಡಿ ಮುಂದೆ ಒಂದು ಕುರ್ಚಿ, ಚಿಲ್ಲರೆ ಎಣಿಸಿಕೊಳ್ಳಲು ಒಂಚೂರು ಸಮಯ ಕೊಟ್ಟರೂ ದೊಡ್ಡ ಉಪಕಾರ.

ಪಿಂಚಣಿ, ಕಿರುಕುಳ, ಕಾನೂನು ವಿಷಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416: ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಇನ್ನು ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂತೆಂದರೆ ನಾಳೆಗೆ ಇಡಬೇಡಿ. ಆಗಲೇ ಕರೆ ಮಾಡಿ, ಅವರನ್ನ ಒಬ್ಬರೇ ಬಿಡಬೇಡಿ.